ಯಾವ ಗ್ರಂಥ, ಯಾವ ಪುಟ?

ಏಳು ವರ್ಷದ ಹಿಂದೆ ಅಪ್ಪ ಪುಣೆಯ ನಮ್ಮ ಮನೆಯಲ್ಲಿ ತೀರಿಕೊಂಡರು. ಬೆಳಗಿನ ಜಾವ ನಾಲ್ಕು ಗಂಟೆ. ಅಪ್ಪನಿಗೆ ನಾನೊಬ್ಬಳೇ ಮಗಳು. ಧಾರವಾಡದ ಮನೆ ಮಾರಿ ಬಂದ ಮೇಲೆ ಅವರ ಔಷಧ, ಆಸ್ಪತ್ರೆ, ಪೆನ್ಷನ್ ಕಾಗದ, ಸಂಜೆಯ ವಾಕಿಂಗ್ ಎಲ್ಲವೂ ನನ್ನ ಪಾಲಿಗೇ ಇದ್ದವು. ಕೊನೆಯದೊಂದು ಕೆಲಸವೂ ನನ್ನದೇ ಎಂದುಕೊಂಡಿದ್ದೆ.

ಆರು ಗಂಟೆಗೆ ಆಚಾರ್ಯರಿಗೆ ಫೋನ್ ಮಾಡಿದೆ. ಇಲ್ಲಿನ ಕನ್ನಡದ ಮನೆಗಳಿಗೆಲ್ಲ ಹಬ್ಬಕ್ಕೂ ಶ್ರಾದ್ಧಕ್ಕೂ ಬರುವವರು, ನಮ್ಮ ಕಡೆಯವರೇ. ಬಂದು, ಕೂತು, ಸಮಾಧಾನ ಹೇಳಿದರು. ಆಮೇಲೆ ಮೆಲ್ಲಗೆ, "ತಂಗೀ, ತಪ್ಪು ತಿಳಕೋಬ್ಯಾಡ. ಹೆಣ್ಣುಮಕ್ಕಳು ಕೊಳ್ಳಿ ಇಡೂ ಹಂಗಿಲ್ಲ. ಶಾಸ್ತ್ರದಾಗ ಇಲ್ಲ. ದಾಯಾದಿ ಯಾರರ ಇದ್ದರ ಕರಸು" ಎಂದರು.

ಹುಬ್ಬಳ್ಳಿಯಲ್ಲಿ ಕಾಕಾನ ಮಗ ಇದ್ದ. ಅವನು ಅಪ್ಪನನ್ನು ನೋಡಿ ಆರು ವರ್ಷವಾಗಿತ್ತು. ಅವನು ಕಾರು ಮಾಡಿಕೊಂಡು ಬರುವವರೆಗೆ ಅಪ್ಪ ಹನ್ನೊಂದು ತಾಸು ಐಸ್ ಪೆಟ್ಟಿಗೆಯಲ್ಲಿ ಮಲಗಿದ್ದರು. ಪಾಪ, ಅವನದೇನೂ ತಪ್ಪಿಲ್ಲ. ಬಂದ, ಹೇಳಿದ್ದನ್ನು ಮಾಡಿದ, ಮರುದಿನವೇ ಹೊರಡಬೇಕಾಗಿತ್ತು. ನಾನು ವೈಕುಂಠ ಸ್ಮಶಾನದ ಗೇಟಿನ ಹತ್ತಿರ ನಿಂತಿದ್ದೆ. "ಆಚಾರ್ಯರು ಹೇಳಿದಂಗ ಆಗಲಿ ಬಿಡು" ಎಂದು ಅವ್ವ ಹೇಳಿದ್ದಳು. ನಾನೂ ಬಿಟ್ಟೆ.

ಆ ದಿನ ಒಂದು ಪ್ರಶ್ನೆ ನನ್ನ ಬಾಯಿಗೆ ಬರಲೇ ಇಲ್ಲ ಎಂಬುದು ನನಗೆ ಇವತ್ತಿಗೂ ಆಶ್ಚರ್ಯ. ಯಾಕೆಂದರೆ ನಾನು ಹೊಟ್ಟೆ ಹೊರೆಯುವುದೇ ಆ ಪ್ರಶ್ನೆಯಿಂದ. ವಿಮೆ ಕಂಪನಿಗಳ ಲೆಕ್ಕ ತಪಾಸಣೆ ನನ್ನ ಕೆಲಸ. ಯಾರಾದರೂ "ಹಾಗೆ ಮಾಡುವಂತಿಲ್ಲ, ರೂಲ್ಸ್ ಇದೆ" ಎಂದರೆ ನಾವು ಕೇಳುವುದು ಇಷ್ಟೇ: ಯಾವ ಸರ್ಕ್ಯುಲರ್? ಯಾವ ತಾರೀಕಿನದು? ಈಗಲೂ ಜಾರಿಯಲ್ಲಿದೆಯೇ? ಹತ್ತರಲ್ಲಿ ನಾಲ್ಕು ಸಲ ಅಂಥ ಸರ್ಕ್ಯುಲರ್ ಇರುವುದೇ ಇಲ್ಲ. ಹಿಂದಿನ ಮ್ಯಾನೇಜರ್ ಹೇಳಿದ್ದು, ಈಗಿನವರು ನಂಬಿದ್ದು, ಅಷ್ಟೇ. ಆಫೀಸಿನಲ್ಲಿ ಇಷ್ಟು ಚುರುಕಾಗಿರುವ ನಾವು ಮನೆಯಲ್ಲಿ "ಶಾಸ್ತ್ರದಾಗ ಇಲ್ಲ" ಎಂಬ ಎರಡು ಪದಕ್ಕೆ ತಲೆಬಾಗುತ್ತೇವೆ.

ತಿಂಗಳು ಕಳೆದ ಮೇಲೆ ಸುಮ್ಮನಿರಲಾಗಲಿಲ್ಲ. ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆ ಇರುವುದು ನಮ್ಮದೇ ಊರಿನಲ್ಲಿ. ಅಲ್ಲಿಂದ ಪ್ರಕಟವಾದ ಪಾಂಡುರಂಗ ವಾಮನ ಕಾಣೆ ಅವರ ಧರ್ಮಶಾಸ್ತ್ರದ ಇತಿಹಾಸ ಐದು ಸಂಪುಟಗಳ ಬೃಹತ್ ಗ್ರಂಥ. ಮೊದಲ ಸಂಪುಟ ಬಂದದ್ದು 1930ರಲ್ಲಿ, ಕೊನೆಯದು 1962ರಲ್ಲಿ. ಮರುವರ್ಷ ಕಾಣೆಯವರಿಗೆ ಭಾರತರತ್ನ ಬಂತು. ಅಂತ್ಯೇಷ್ಟಿ, ಅಶೌಚ, ಶ್ರಾದ್ಧದ ವಿಚಾರವೆಲ್ಲ ನಾಲ್ಕನೇ ಸಂಪುಟದಲ್ಲಿದೆ. ಭಾನುವಾರಗಳಲ್ಲಿ ಕೂತು ಓದಿದೆ. ಸಂಸ್ಕೃತ ಬಲ್ಲ ಗೆಳತಿಯ ನೆರವು ತೆಗೆದುಕೊಂಡೆ.

ಕಂಡದ್ದೇನು? ನಮ್ಮ ಪುರೋಹಿತರು ಇಂದಿಗೂ ತಿರುವಿ ನೋಡುವ ನಿರ್ಣಯಸಿಂಧು ಮತ್ತು ಧರ್ಮಸಿಂಧು ಎಂಬ ಗ್ರಂಥಗಳಿವೆ. ಮೊದಲನೆಯದನ್ನು ಕಮಲಾಕರ ಭಟ್ಟರು 1612ರಲ್ಲಿ ಕಾಶಿಯಲ್ಲಿ ಬರೆದರು. ಎರಡನೆಯದು 18ನೇ ಶತಮಾನದ ಕೊನೆಯಲ್ಲಿ ಪಂಢರಪುರದ ಕಾಶೀನಾಥ ಉಪಾಧ್ಯಾಯರು ಬರೆದದ್ದು. ಸತ್ತವರ ಕರ್ಮ ಮಾಡುವ ಅಧಿಕಾರ ಯಾರಿಗೆ ಎಂಬುದಕ್ಕೆ ಇಂಥ ಗ್ರಂಥಗಳಲ್ಲಿ ಉದ್ದನೆಯ ಪಟ್ಟಿಗಳಿವೆ. ಮೊದಲು ಮಗ, ಮೊಮ್ಮಗ, ಮರಿಮಗ. ಅವರಿಲ್ಲದಿದ್ದರೆ? ಆ ಪಟ್ಟಿಯಲ್ಲಿ ಹೆಂಡತಿ ಇದ್ದಾಳೆ. ಮಗಳೂ ಇದ್ದಾಳೆ. ಮಗಳ ಮಗನೂ ಇದ್ದಾನೆ. ಯಾರು ಮುಂದೆ, ಯಾರು ಹಿಂದೆ ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಅವಿಭಕ್ತ ಕುಟುಂಬಕ್ಕೆ ಒಂದು ಕ್ರಮ, ಪಾಲಾದ ಕುಟುಂಬಕ್ಕೆ ಇನ್ನೊಂದು. ಹೆಂಗಸರು ಮಾಡಿದರೆ ಮಂತ್ರವಿಲ್ಲದೆ ಮಾಡಬೇಕು ಎಂಬ ಷರತ್ತು ಹಾಕಿದವರೂ ಉಂಟು. ಅದನ್ನು ಮುಚ್ಚಿಟ್ಟು ನನಗೆ ಬೇಕಾದಷ್ಟನ್ನೇ ಹೇಳಿದರೆ ನಾನೂ ಅದೇ ತಪ್ಪು ಮಾಡಿದ ಹಾಗಾಗುತ್ತದೆ. ಆದರೆ "ಶಾಸ್ತ್ರದಾಗ ಇಲ್ಲ" ಎಂಬ ಮಾತು ಮಾತ್ರ ನಿಜವಲ್ಲ. ಇದೆ. ಚರ್ಚೆ ಇದೆ, ತಕರಾರು ಇದೆ, ಆಯ್ಕೆ ಇದೆ.

ಅಂದರೆ ನಾವು ಶಾಸ್ತ್ರ ಎಂದುಕೊಂಡಿದ್ದು ಎಷ್ಟೋ ಸಲ ಶಾಸ್ತ್ರವಲ್ಲ, ಯಾರೋ ಒಬ್ಬರ ಓದು. ಆ ಓದಿನಿಂದ ಜೀವ ಹೋದದ್ದೂ ಇದೆ. ಋಗ್ವೇದದ ಹತ್ತನೇ ಮಂಡಲದ 18ನೇ ಸೂಕ್ತ ಅಂತ್ಯಕ್ರಿಯೆಗೆ ಸಂಬಂಧಿಸಿದ್ದು. ಅದರ ಏಳನೇ ಮಂತ್ರದಲ್ಲಿ ಮುತ್ತೈದೆಯರು 'ಅಗ್ರೇ', ಅಂದರೆ ಮೊದಲು, ಮುಂದೆ ಬರಲಿ ಎಂಬ ಮಾತಿದೆ. ಸತಿ ಪದ್ಧತಿಯನ್ನು ಸಮರ್ಥಿಸಿದವರು ಅದನ್ನು 'ಅಗ್ನೇಃ' ಎಂದು ಓದಿಕೊಂಡರು. ಒಂದಕ್ಷರ ಬದಲಾಯಿತು, ಬೆಂಕಿ ಬಂತು. 19ನೇ ಶತಮಾನದಲ್ಲಿ ವಿಲ್ಸನ್, ಮ್ಯಾಕ್ಸ್ ಮುಲ್ಲರ್ ಮುಂತಾದ ವಿದ್ವಾಂಸರು ಇದನ್ನು ಎತ್ತಿ ತೋರಿಸಿದರು. ಅದಕ್ಕಿಂತ ದೊಡ್ಡ ವಿಚಿತ್ರವೆಂದರೆ ಮುಂದಿನ ಎಂಟನೇ ಮಂತ್ರ. ಗಂಡನ ಶವದ ಪಕ್ಕದಲ್ಲಿರುವ ಹೆಂಗಸಿಗೆ ಎದ್ದು ಬದುಕಿರುವವರ ಲೋಕಕ್ಕೆ ಮರಳಿ ಬಾ ಎಂದು ಕರೆಯುವ ಮಂತ್ರ ಅದು. ಪಕ್ಕದ ಸಾಲು ಓದಿದ್ದರೆ ಸಾಕಿತ್ತು!

ಇದು ಒಂದೇ ಧರ್ಮದ ಕಥೆಯಲ್ಲ. ಮುಂಬೈಯಲ್ಲಿರುವ ಓದುಗರಿಗೆ ಹಾಜಿ ಅಲಿ ದರ್ಗಾದ ಪ್ರಕರಣ ನೆನಪಿರಬಹುದು. ಅಲ್ಲಿ ಗೋರಿ ಇರುವ ಒಳಭಾಗಕ್ಕೆ ಹೆಂಗಸರು ಮೊದಲೆಲ್ಲ ಹೋಗುತ್ತಿದ್ದರು. 2011-12ರ ಸುಮಾರಿಗೆ ತಡೆ ಬಿತ್ತು. ಸಂತನ ಗೋರಿಯ ಹತ್ತಿರ ಹೆಂಗಸರು ಬರುವುದು ಧರ್ಮದ ಪ್ರಕಾರ ಪಾಪ ಎಂಬುದು ಟ್ರಸ್ಟಿನ ವಾದ. ಮುಸ್ಲಿಂ ಮಹಿಳೆಯರೇ ಕೋರ್ಟಿಗೆ ಹೋದರು. ಕೊಟ್ಟ ಆಧಾರಗಳಿಂದ ಹಾಗೆ ಸಾಬೀತಾಗುವುದಿಲ್ಲ ಎಂದು 2016ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಅವರು ದೇವರನ್ನು ಪ್ರಶ್ನಿಸಿರಲಿಲ್ಲ. ದೇವರ ಹೆಸರಿನಲ್ಲಿ ಬಾಗಿಲು ಹಾಕಿದವರನ್ನು ಪ್ರಶ್ನಿಸಿದ್ದರು.

"ಹಾಗಂತ ಎಲ್ಲರೂ ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರೆ ಧರ್ಮಕ್ಕೆ ಬೆಲೆ ಏನು?" ಎಂದು ಕೇಳುವವರಿದ್ದಾರೆ. ನಮ್ಮ ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಇದೇ ಮಾತು ಬಂತು. ಬರೆದವರು ಅಮೆರಿಕದಲ್ಲಿರುವ ಮಾಮಾ. ಅವರ ಮೇಲೆ ನನಗೆ ಪ್ರೀತಿಯಿದೆ, ಗೌರವವಿದೆ. ಆದರೆ ಅವರಿಗೆ ಕಲಿವರ್ಜ್ಯದ ಬಗ್ಗೆ ಹೇಳಬೇಕಾಯಿತು. ಹಿಂದಿನ ಯುಗಕ್ಕೆ ಸಲ್ಲುತ್ತಿತ್ತು, ಕಲಿಯುಗಕ್ಕೆ ಬೇಡ ಎಂದು ಧರ್ಮಶಾಸ್ತ್ರಕಾರರೇ ಬದಿಗಿಟ್ಟ ಆಚರಣೆಗಳ ಪಟ್ಟಿ ಅದು. ನಮ್ಮ ಆಫೀಸಿನ ಭಾಷೆಯಲ್ಲಿ ರದ್ದಾದ ಸರ್ಕ್ಯುಲರ್‌ಗಳ ಪಟ್ಟಿ. ನಿಯೋಗ ಅದರಲ್ಲಿದೆ. ಯಜ್ಞದಲ್ಲಿ ಗೋವಧೆ ಅದರಲ್ಲಿದೆ. ಕೆಲವು ಪಟ್ಟಿಗಳಲ್ಲಿ ಸನ್ಯಾಸವೂ ಇದೆ, ಆದರೆ ಮಠಗಳು ನಡೆಯುತ್ತಲೇ ಇವೆ. ಹಡಗಿನಲ್ಲಿ ಸಮುದ್ರ ದಾಟಿದ ದ್ವಿಜ ಪ್ರಾಯಶ್ಚಿತ್ತ ಮಾಡಿಕೊಂಡರೂ ಅವನೊಂದಿಗೆ ವ್ಯವಹಾರ ಬೇಡ ಎಂಬುದೂ ಅದರಲ್ಲಿದೆ. ಅಕ್ಷರಕ್ಕೆ ಅಕ್ಷರ ಹಿಡಿಯುವುದಾದರೆ ಮಾಮಾ ಆ ಮೆಸೇಜು ಬರೆಯಲು ಅಲ್ಲಿರುವಂತೆಯೇ ಇಲ್ಲ. ಸಮುದ್ರ ದಾಟುವ ನಿಯಮವನ್ನು ನಾವು ಸಲೀಸಾಗಿ ಬಿಟ್ಟೆವು, ಯಾಕೆಂದರೆ ಅದು ಮಗನ ಸಂಬಳದ ಪ್ರಶ್ನೆಯಾಗಿತ್ತು. ಮಗಳ ವಿಷಯ ಬಂದಾಗ ಮಾತ್ರ ಶಾಸ್ತ್ರ ಕಲ್ಲಾಗುತ್ತದೆ.

ಪರಂಪರೆ ಕಲ್ಲಾಗಿರಲಿಲ್ಲ ಎಂಬುದನ್ನೇ ಆ ಪಟ್ಟಿ ಹೇಳುತ್ತದೆ. ಧರ್ಮದ ಮೂಲಗಳು ಯಾವುವು ಎಂದು ಹೇಳುವಾಗ ಮನುಸ್ಮೃತಿ, ಯಾಜ್ಞವಲ್ಕ್ಯಸ್ಮೃತಿ ಎರಡೂ ವೇದ, ಸ್ಮೃತಿ, ಸದಾಚಾರಗಳ ಜೊತೆಗೆ ನಮ್ಮ ಮನಸ್ಸಿಗೆ ಒಪ್ಪುವುದನ್ನೂ ಸೇರಿಸುತ್ತವೆ. ಆದರೆ ಅದೇ ಮನುಸ್ಮೃತಿ ಹೆಣ್ಣಿನ ಬಗ್ಗೆ, ಶೂದ್ರರ ಬಗ್ಗೆ ಹೇಳುವ ಮಾತುಗಳಿಗಾಗಿ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರು ಅದನ್ನು ಸುಟ್ಟರು. ಆ ಬೆಂಕಿಯನ್ನೂ ನಾನು ಮರೆಯಲಾರೆ. ಗ್ರಂಥವನ್ನು ಮುಟ್ಟಲೇ ಬಿಡದೆ ಅದರ ಶಿಕ್ಷೆಯನ್ನು ಮಾತ್ರ ಅನುಭವಿಸಿದವರಿಗೆ "ಪಕ್ಕದ ಸಾಲು ಓದಿ" ಎಂಬ ನನ್ನ ಉಪದೇಶ ಏನು ಕೊಡುತ್ತದೆ?

ಇಲ್ಲೇ ನನ್ನ ವಾದವೂ ಸ್ವಲ್ಪ ಅಲುಗಾಡುತ್ತದೆ. ಪುಸ್ತಕದಲ್ಲಿ ಮಗಳ ಹೆಸರು ಸಿಕ್ಕಿತು, ಸರಿ. ಸಿಗದೇ ಹೋಗಿದ್ದರೆ? ಆಗ ಅಪ್ಪನನ್ನು ಹನ್ನೊಂದು ತಾಸು ಕಾಯಿಸಿದ್ದು ಸರಿಯಾಗುತ್ತಿತ್ತೇ? ಇಲ್ಲ. ಅನುಕೂಲದ ಸಾಲು ಹುಡುಕುವುದು ಮನೆಯವರೊಡನೆ ಮಾತಾಡಲು ಒಳ್ಳೆಯ ದಾರಿ. ಆದರೆ ಕೊನೆಯ ತೀರ್ಪು ಪುಸ್ತಕಕ್ಕೇ ಬಿಟ್ಟರೆ ಪ್ರತಿಕೂಲದ ಸಾಲು ಸಿಕ್ಕಾಗಲೂ ತಲೆಬಾಗಬೇಕಾಗುತ್ತದೆ.

ಇದನ್ನು ನಮಗೆ ಹೇಳಿಕೊಟ್ಟದ್ದು ಒಂದು ಕನ್ನಡ ಕಾದಂಬರಿಯೇ. ಅನಂತಮೂರ್ತಿಯವರ 'ಸಂಸ್ಕಾರ' 1965ರದು. ಅದರಲ್ಲಿ ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿರುತ್ತದೆ, ಯಾರು ಸಂಸ್ಕಾರ ಮಾಡಬೇಕೆಂದು ಪ್ರಾಣೇಶಾಚಾರ್ಯರು ಓಲೆಗರಿಗಳಲ್ಲಿ ಹುಡುಕುತ್ತಾರೆ. ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕೆ ಕಾದು ಕೂರುತ್ತಾರೆ, ಅದೂ ಸಿಗುವುದಿಲ್ಲ. ಕೊನೆಗೆ ಆ ಹೆಣವನ್ನು ರಾತ್ರೋರಾತ್ರಿ ಸುಡಿಸುವವಳು ಚಂದ್ರಿ, ಒಬ್ಬ ಮುಸ್ಲಿಂ ವ್ಯಾಪಾರಿಯ ಗಾಡಿಯ ನೆರವಿನಿಂದ. ಯಾವ ಅಧಿಕಾರವೂ ಇಲ್ಲದವಳು. ಸತ್ತವನ ಮೇಲೆ ಅವಳಿಗೆ ಇದ್ದದ್ದು ಅಕ್ಕರೆ ಒಂದೇ. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆ ಬರೆದಿದ್ದೆ, ಆದರೆ ಅರ್ಥವಾದದ್ದು ಅಪ್ಪ ಹೋದ ಮೇಲೆ.

ಪುಣೆಯಲ್ಲಿ ಹೀಗೆ ನಡೆದುಕೊಂಡವರು ಕಾದಂಬರಿಗಿಂತ ಬಹಳ ಹಿಂದೆಯೇ ಇದ್ದರು. 1890ರ ನವೆಂಬರ್‌ನಲ್ಲಿ ಜ್ಯೋತಿರಾವ್ ಫುಲೆ ತೀರಿಕೊಂಡಾಗ ಕರ್ಮ ಮಾಡುವ ಹಕ್ಕು ದತ್ತುಮಗ ಯಶವಂತನಿಗೋ ದಾಯಾದಿಗೋ ಎಂದು ತಕರಾರು ಎದ್ದಿತು. ಸಾವಿತ್ರಿಬಾಯಿ ತಾವೇ ಮಡಕೆ ಹಿಡಿದು ಮುಂದೆ ನಡೆದರು, ತಾವೇ ಬೆಂಕಿ ಇಟ್ಟರು. ದಾಯಾದಿಯನ್ನು ಕಾಯುತ್ತಾ ನಾನು ಗೇಟಿನ ಬಳಿ ನಿಂತದ್ದು ಅದೇ ಊರಿನಲ್ಲಿ, ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ!

ಆಚಾರ್ಯರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರು ಗುರುಗಳಿಂದ ಕೇಳಿದ್ದನ್ನು ಹೇಳಿದರು. ನಮ್ಮಂಥ ಹೊರನಾಡಿನವರಿಗೆ ಅವರು ಬರೀ ಪುರೋಹಿತರಲ್ಲ. ಮನೆಗೆ ಬಂದು ನಮ್ಮ ಕಡೆಯ ಕನ್ನಡದಲ್ಲಿ ಸಂಕಲ್ಪ ವಿವರಿಸಿದರೆ ಊರೇ ಬಂದು ಜಗಲಿಯ ಮೇಲೆ ಕೂತ ಹಾಗಾಗುತ್ತದೆ. ಅವರನ್ನು ಎದುರಾಡಿದರೆ ಊರಿನ ಕೊನೆಯ ಎಳೆಯೂ ಕಡಿದೀತೆಂಬ ಭಯ ನಮ್ಮದು. ಹಾಗಾಗಿ ನಾವು ಊರು ಬಿಟ್ಟ ವರ್ಷ ಊರಿನಲ್ಲಿ ಏನಿತ್ತೋ ಅದನ್ನೇ ಗಟ್ಟಿಯಾಗಿ ಹಿಡಿದು ಕೂರುತ್ತೇವೆ. ಊರು ಮಾತ್ರ ನಿಂತಿಲ್ಲ. ಧಾರವಾಡದಲ್ಲೇ ನನ್ನ ಶಾಲೆಯ ಗೆಳತಿ ತನ್ನ ಅಪ್ಪನ ಕರ್ಮ ತಾನೇ ಮಾಡಿದಳು ಎಂದು ತಿಳಿದಾಗ ನನಗೆ ನಾಚಿಕೆಯಾಯಿತು.

ಅವ್ವ ಕಳೆದ ವರ್ಷ ಹೋದಳು. ಹೋಗುವ ಎರಡು ವರ್ಷ ಮೊದಲೇ ಒಂದು ಮಧ್ಯಾಹ್ನ ಹೆಸರುಕಾಳು ಆರಿಸುತ್ತಾ, "ನನಗ ನೀನ ಮಾಡು. ಯಾರನ್ನೂ ಕರಸಬ್ಯಾಡ. ನಿಮ್ಮಪ್ಪನ್ನ ಕಾಯಿಸಿದ್ದು ಸಾಕು" ಎಂದಿದ್ದಳು. ನಾನು ಓದಿದ ಯಾವ ಗ್ರಂಥವೂ ಅಷ್ಟು ನೇರವಾಗಿ ಹೇಳಿರಲಿಲ್ಲ.

ಆಚಾರ್ಯರಿಗೆ ನಾನೇ ಫೋನ್ ಮಾಡಿದೆ. ಅವ್ವನ ಮಾತು ಹೇಳಿದೆ. ಧರ್ಮಸಿಂಧುವಿನ ಪಟ್ಟಿಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಕೈಲೆ ಆಗೂದಿಲ್ಲ ತಂಗೀ. ಆದರ ನೀ ಮಾಡೂದು ತಪ್ಪು ಅಂತ ನಾ ಅನ್ನೂದಿಲ್ಲ" ಎಂದರು. ಅಷ್ಟು ಹೇಳಿದ್ದೂ ದೊಡ್ಡದು. ಪುಣೆಯಲ್ಲಿ ಜ್ಞಾನಪ್ರಬೋಧಿನಿಯಂಥ ಸಂಸ್ಥೆಗಳು ದಶಕಗಳಿಂದ ಹೆಂಗಸರಿಗೂ ಪೌರೋಹಿತ್ಯ ಕಲಿಸುತ್ತಿವೆ. ಗೆಳತಿಯೊಬ್ಬಳ ಮೂಲಕ ಒಬ್ಬ ಮಹಿಳಾ ಪುರೋಹಿತರು ಬಂದರು. ಮಂತ್ರ ಹೇಳಿದರು, ಒಂದೊಂದರ ಅರ್ಥವನ್ನೂ ಹೇಳಿದರು. ಬೆಂಕಿ ನಾನು ಇಟ್ಟೆ. ಅವ್ವ ಹೋದ ನಾಲ್ಕು ತಾಸಿನೊಳಗೆ ಎಲ್ಲ ಮುಗಿದಿತ್ತು.

ಹದಿಮೂರನೆಯ ದಿನ ಆಚಾರ್ಯರು ಊಟಕ್ಕೆ ಬಂದರು. ಕೈತೊಳೆದ ಮೇಲೆ ಹತ್ತಿರ ಕರೆದು, "ಆ ಪಟ್ಟಿ ಯಾವ ಪುಟದಾಗ ಅದ ಅಂದಿ?" ಎಂದು ಕೇಳಿದರು. ಬರೆದುಕೊಟ್ಟೆ. ಮಡಚಿ ಜೇಬಿಗೆ ಹಾಕಿಕೊಂಡರು.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಅವರು ಚೆನ್ನಾಗಿರುವಾಗಲೇ ಈ ಮಾತು ಆಡಿ ಮುಗಿಸಿ. ಯಾರಾದರೂ "ಶಾಸ್ತ್ರದಲ್ಲಿಲ್ಲ" ಎಂದರೆ ಯಾವ ಗ್ರಂಥ, ಯಾವ ಪುಟ ಎಂದು ವಿನಯದಿಂದಲೇ ಕೇಳಿ. ಬೆಳಗಿನ ನಾಲ್ಕು ಗಂಟೆಗೆ ಆ ಪ್ರಶ್ನೆ ಬಾಯಿಗೆ ಬರುವುದಿಲ್ಲ. ನನಗೆ ಬರಲಿಲ್ಲ.