ಮಣ್ಣಿನ ಪಾಠಕ್ಕೆ ಮೆಟ್ಟಿಲುಗಳು

ಮಣ್ಣನ್ನು ಕುರಿತು ಪಠ್ಯಗಳು ಮೌನವಾಗಿವೆಯೆಂದು ಆಕ್ಷೇಪಿಸಲಾಗದು. ಪ್ರಾಥಮಿಕ ಶಾಲೆಯಲ್ಲಿ ಅದು ಪರಿಸರದ ಪಾಠ. ಪ್ರೌಢಶಾಲೆಯಲ್ಲಿ ಭೂಗೋಳದ ನಕ್ಷೆಯ ಬಣ್ಣ. ಕೃಷಿ ಮಹಾವಿದ್ಯಾಲಯದಲ್ಲಿ ಸ್ವತಂತ್ರ ಶಾಸ್ತ್ರ. ಕೊರತೆಯಿರುವುದು ಪಾಠಗಳಲ್ಲಲ್ಲ, ಅವುಗಳ ನಡುವಣ ಸಂಬಂಧದಲ್ಲಿ. ಕಪ್ಪು, ಕೆಂಪು, ಜಂಬಿಟ್ಟಿಗೆ ಎಂದು ಒಪ್ಪಿಸಿ ಅಂಕ ಪಡೆದ ಬಾಲಕನು ತನ್ನ ಮನೆಯ ಹೊಲದ ಮಣ್ಣಿನ ಗುಣವನ್ನು ಹೇಳಲಾರನು.

ಇದರ ಪರಿಣಾಮ ಅಲ್ಪವಾದುದಲ್ಲ. ಕೇಂದ್ರ ಸರ್ಕಾರವು 2015ರಲ್ಲಿ ಮಣ್ಣು ಆರೋಗ್ಯ ಕಾರ್ಡಿನ ಯೋಜನೆಯನ್ನು ಆರಂಭಿಸಿತು. ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದ 12 ಅಂಶಗಳ ಪರೀಕ್ಷಾಫಲವನ್ನು ಅದು ರೈತನ ಕೈಗೆ ಕೊಡುತ್ತದೆ. ಆದರೆ ಓದಿ ಅರ್ಥ ಹೇಳುವವರು ಮನೆಯಲ್ಲಿಲ್ಲದಿದ್ದರೆ ಅದು ಗೂಡಿನಲ್ಲಿಟ್ಟ ಕಾಗದವಷ್ಟೆ. ರಸಸಾರ 7 ಎಂದರೆ ತಟಸ್ಥವೆಂದು ಹತ್ತನೆಯ ತರಗತಿಯವನು ಬಲ್ಲನು. ಕ್ಷಾರತೆ ಹೆಚ್ಚಿದ ಮಣ್ಣಿನಲ್ಲಿ ಸತುವೂ ಕಬ್ಬಿಣವೂ ಇದ್ದರೂ ಬೆಳೆಗೆ ದಕ್ಕುವುದು ಕಡಿಮೆಯೆಂಬುದನ್ನು ಅರಿಯನು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ಸವಳಾದ ನೆಲವನ್ನು ಕಂಡವರಿಗೆ, ಮಣ್ಣಿನ ಸ್ವಭಾವವನ್ನು ಅರಿಯದಿರುವುದರ ಬೆಲೆಯೇನೆಂದು ವಿವರಿಸಬೇಕಾಗಿಲ್ಲ.

ಆದುದರಿಂದ ಒಂದೇ ಮಣ್ಣು ಮಗುವಿನ ವಯಸ್ಸಿಗೆ ತಕ್ಕಂತೆ ನಾಲ್ಕು ಬಾರಿ ಪಾಠವಾಗಬೇಕು. ಪ್ರಾಥಮಿಕ ಹಂತದಲ್ಲಿ ಕೈಯೇ ಪುಸ್ತಕ: ಒದ್ದೆ ಮಣ್ಣನ್ನು ಹೊಸೆದಾಗ ಜೇಡಿ ಅಂಟುತ್ತದೆ, ಮರಳು ಉದುರುತ್ತದೆ. ಮಾಧ್ಯಮಿಕ ಹಂತದಲ್ಲಿ ಗಾಜಿನ ಭರಣಿಯೊಂದು ಸಾಕು: ಮಣ್ಣನ್ನು ನೀರಿನಲ್ಲಿ ಕಲಕಿಟ್ಟರೆ ಮೊದಲು ಮರಳು, ಬಳಿಕ ಗೋಡು, ಕಟ್ಟಕಡೆಗೆ ಜೇಡಿ ತಳವೂರುತ್ತವೆ. ಪ್ರೌಢಶಾಲೆಯಲ್ಲಿ ಮನೆಯ ಕಾರ್ಡೇ ರಸಾಯನಶಾಸ್ತ್ರದ ಪಾಠವಾಗಲಿ. ಎರೆಭೂಮಿಯು ಬೇಸಗೆಯಲ್ಲಿ ಬಿರಿದು ಮಳೆಗೆ ಕೂಡಿಕೊಳ್ಳುವುದೇಕೆಂಬ ಪ್ರಶ್ನೆಗೆ ಕಾಲೇಜಿನಲ್ಲಿ ಉತ್ತರ ದೊರೆಯಲಿ. ನೀರುಂಡು ಹಿಗ್ಗುವ, ಒಣಗಿ ಕುಗ್ಗುವ ಜೇಡಿಯ ಖನಿಜಗಳ ಪರಿಚಯ ಅಲ್ಲಿ ಶೋಭಿಸುತ್ತದೆ.

ಪಠ್ಯಭಾರ ಈಗಾಗಲೇ ಅಧಿಕವೆಂದು ಅಧ್ಯಾಪಕರು ಹೇಳುವುದು ಸಹಜ, ಸತ್ಯವೂ ಹೌದು. ಆದರೆ ಇಲ್ಲಿ ಹೊಸ ಗ್ರಂಥವಾಗಲಿ ಹೊಸ ಪರೀಕ್ಷೆಯಾಗಲಿ ಬೇಕಿಲ್ಲ; ಇರುವ ಪಾಠಗಳನ್ನು ಹೊಲದೊಡನೆ ಬೆಸೆದರೆ ಸಾಕು. ಭಾಷಾ ಅಧ್ಯಾಪಕರಿಗೂ ಇದರಲ್ಲಿ ಪಾಲುಂಟು. ಎರೆ, ಮಸಾರಿ, ಗರಸು, ಸವಳು ಎಂಬಿವು ಕೇವಲ ಗ್ರಾಮ್ಯ ಪದಗಳಲ್ಲ. ತಲೆಮಾರುಗಳ ಪರೀಕ್ಷೆಯಿಂದ ನಿಂತ ಪಾರಿಭಾಷಿಕ ಶಬ್ದಗಳು. ಮಕ್ಕಳು ಇವುಗಳನ್ನು ಹಿರಿಯರಿಂದ ಕೇಳಿ ಬರೆದು ತಂದರೆ ಶಾಸ್ತ್ರವೂ ನುಡಿಯೂ ಒಟ್ಟಿಗೆ ಬೆಳೆದಾವು.

ದಾನಿಗಳ ಔದಾರ್ಯದಿಂದ ಕಟ್ಟಡಗಳು ಎದ್ದಿವೆ, ಅದು ಸ್ತುತ್ಯ. ಈ ಕಾರ್ಯಕ್ಕೆ ಬೇಕಾದುದು ಅದಕ್ಕಿಂತ ಅಲ್ಪ: ಶಾಲೆಯ ಅಂಗಳದಲ್ಲಿ ಬೇಲಿ ಕಟ್ಟಿದ, ಆಳುದ್ದದ ಒಂದು ಗುಂಡಿ. ಅದರ ಗೋಡೆಯಲ್ಲಿ ಮೇಲ್ಮಣ್ಣಿನ ಪದರವೆಷ್ಟು ತೆಳುವೆಂಬುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯು ಮಳೆಗೆ ಅದು ಕೊಚ್ಚಿಹೋಗುವಾಗ ಸುಮ್ಮನಿರಲಾರನು. ಹೊಲಕ್ಕೆ ಬದು ಹಾಕಬೇಕೆಂದು ಮನೆಯಲ್ಲಿ ಆತನೇ ಹೇಳುವನು.