ಬೇಯಿಸು ಎಂದರೆ ಇಂಗ್ಲಿಷಿನಲ್ಲಿ ಏನು?

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಇಂಗ್ಲಿಷಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ಗೊಡವೆ ನಾನಾಗಿ ತಂದುಕೊಂಡುದಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗಳು ತಂದೊಡ್ಡಿದುದು. ಅವಳಿಗೆ ಕನ್ನಡ ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಓದಲು ಬಾರದು. ಕಾಲೇಜಿಗೆಂದು ಮನೆ ಬಿಟ್ಟು ಬೇರೆ ಊರು ಸೇರಿದ ಮೇಲೆ ಅಜ್ಜಿಯ ಕೈಯಡುಗೆಯ ನೆನಪು ಹತ್ತಿತು. "ಮಾಮ, ಅಜ್ಜಿ ಮಾಡೋದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಕಳಿಸಿ" ಎಂದಳು.

ನಮ್ಮ ತಾಯಿಗೆ ಈಗ 76 ವರ್ಷ. ಕಣ್ಣು ಮಂಜಾಗಿದೆ. ತನ್ನ ಅಡುಗೆಯ ಬಗ್ಗೆ ಆಕೆ ಒಂದಕ್ಷರವನ್ನೂ ಬರೆದಿಟ್ಟವಳಲ್ಲ. ಈಗ ಬರೆದುಕೊಳ್ಳದಿದ್ದರೆ ಇನ್ನು ಯಾವಾಗ? ಆಕೆ ಹೇಳಿದಂತೆ ಬರೆದುಕೊಂಡು, ಅದನ್ನು ಒಂದೇ ಸಂಜೆಯಲ್ಲಿ ಇಂಗ್ಲಿಷಿಗಿಳಿಸಿ ಕಳುಹಿಸಿಬಿಟ್ಟೆ. ಎಂ.ಎ. ಮಾಡಿದವನಿಗೆ ಉಪ್ಪಿಟ್ಟಿನ ಅನುವಾದ ಏನು ಮಹಾ!

ನಾಲ್ಕು ದಿನಕ್ಕೆ ಉತ್ತರ ಬಂತು. ಉಪ್ಪಿಟ್ಟಿನ ರವೆ ಎಣ್ಣೆ ಕುಡಿದು ಮುದ್ದೆಯಾಯಿತಂತೆ. ಇಡ್ಲಿಯ ಹಿಟ್ಟನ್ನು ಕುದಿಯುವ ನೀರಿಗೆ ಸೌಟಿನಿಂದ ಬಿಟ್ಟಳಂತೆ, ಗಂಜಿಯಾಯಿತಂತೆ. ಹುಡುಗಿಯ ತಪ್ಪೇನೂ ಇಲ್ಲ. 'ರವೆ ಹುರಿ' ಎಂಬಲ್ಲಿ ನಾನು 'ಫ್ರೈ' ಎಂದೂ, 'ಇಡ್ಲಿ ಬೇಯಿಸು' ಎಂಬಲ್ಲಿ 'ಬಾಯಿಲ್' ಎಂದೂ ಬರೆದಿದ್ದೆ. ಅವಳು ಬರೆದಂತೆಯೇ ನಡೆದಿದ್ದಳು.

ಆಮೇಲೆ ನಿಘಂಟುಗಳನ್ನು ಹರವಿಕೊಂಡು ಕುಳಿತೆ. ಇಂಗ್ಲಿಷಿನ ಅಡುಗೆಯ ಕ್ರಿಯಾಪದಗಳು ಬಹುಮಟ್ಟಿಗೆ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ: ಪದಾರ್ಥಕ್ಕೆ ಕಾವು ಮುಟ್ಟುವುದು ಯಾವುದರ ಮೂಲಕ? ನೀರಿನ ಮೂಲಕವಾದರೆ 'ಬಾಯಿಲ್', ಹಬೆಯ ಮೂಲಕವಾದರೆ 'ಸ್ಟೀಮ್', ಎಣ್ಣೆ ತುಪ್ಪಗಳ ಮೂಲಕವಾದರೆ 'ಫ್ರೈ', ಬರಿಯ ಒಣಗಾವಾದರೆ 'ರೋಸ್ಟ್', 'ಬೇಕ್', 'ಗ್ರಿಲ್', 'ಟೋಸ್ಟ್'. ನಮ್ಮ 'ಬೇಯು' ಈ ಗೋಜಿಗೆ ಹೋಗುವುದೇ ಇಲ್ಲ. ಅದು ನೋಡುವುದು ಪದಾರ್ಥದೊಳಗೆ ಆದ ಪರಿಣಾಮವನ್ನು. ಅಕ್ಕಿ ನೀರಿನಲ್ಲಿ ಬೇಯುತ್ತದೆ, ಇಡ್ಲಿ ಹಬೆಯಲ್ಲಿ ಬೇಯುತ್ತದೆ, ರೊಟ್ಟಿ ಕಾವಲಿಯ ಮೇಲೆ, ಗೆಣಸು ಬಿಸಿಬೂದಿಯಲ್ಲಿ. ಸಂಸಾರದಲ್ಲಿ ನೊಂದವರೂ ಬೇಯುತ್ತಾರೆ. ಇಷ್ಟನ್ನೂ ಒಂದೇ ಇಂಗ್ಲಿಷ್ ಶಬ್ದದಲ್ಲಿ ತುಂಬಹೊರಟದ್ದು ನನ್ನ ಮೌಢ್ಯ.

'ಹುರಿ' ಇನ್ನೂ ಮೋಸದ ಶಬ್ದ. ರವೆ, ಕಡಲೆಕಾಯಿ, ಕಾಫಿಬೀಜಗಳನ್ನು ಹುರಿಯುವುದು 'ರೋಸ್ಟ್'. ಬಾಣಲೆಯಲ್ಲಿ ಎಣ್ಣೆ ಸೋಕಿಸದೆ ಎಂದು ಖಚಿತಪಡಿಸಲು 'ಡ್ರೈ ರೋಸ್ಟ್' ಎನ್ನುವುದು ಕ್ಷೇಮ. ಅದೇ ಗೋಡಂಬಿಯನ್ನು ತುಪ್ಪದಲ್ಲಿ ಹುರಿದರೆ ಅದು 'ಫ್ರೈ'. ಬೋಂಡ, ಹಪ್ಪಳಗಳನ್ನು ಕರಿಯುವುದು 'ಡೀಪ್ ಫ್ರೈ'. ಈರುಳ್ಳಿಯನ್ನು ಬಾಡಿಸುವುದಕ್ಕೆ ನಮ್ಮವರು 'ಸೋಟೆ' ಎಂದು ಬರೆಯುವುದುಂಟು. ಫ್ರೆಂಚಿನಲ್ಲಿ ಆ ಶಬ್ದಕ್ಕೆ ನೆಗೆಸಿದ್ದು ಎಂದರ್ಥ. ದೊಡ್ಡ ಉರಿಯಲ್ಲಿ ಪದಾರ್ಥವನ್ನು ಹಾರಿಸಿ ಹಾರಿಸಿ ಬೇಗನೆ ಮುಗಿಸುವ ಕೆಲಸ ಅದು. ನಮ್ಮ ತಾಯಿಯ ಈರುಳ್ಳಿ ಹಾಗೆ ಕುಣಿಯುವುದಿಲ್ಲ, ಸಣ್ಣ ಉರಿಯಲ್ಲಿ ಮೆತ್ತಗಾಗುತ್ತದೆ. 'ಸಾಫ್ಟನ್' ಎಂದು ಬರೆದೆ.

ಬದನೆಕಾಯಿ ಸುಟ್ಟು ಮಾಡುವ ಗೊಜ್ಜಿಗೆ ಬಂದಾಗ ಕೈ ನಡುಗಿತು. 'ಬರ್ನ್' ಎಂದರೆ ಸೀದುಹೋಯಿತು ಎಂದರ್ಥ. ಹುಡುಗಿ ಬದನೆಕಾಯಿಯನ್ನು ಕಸಕ್ಕೆ ಹಾಕಿಯಾಳು. ಉರಿಯ ಮೇಲೆಯೇ ಹಿಡಿದು ಸುಡುವುದಕ್ಕೆ 'ರೋಸ್ಟ್' ಎಂದು ಬರೆದು, ಸಿಪ್ಪೆ ಕಪ್ಪಾಗುವವರೆಗೆ ಎಂದು ಸೇರಿಸಬೇಕು. ಆದರೆ ಅವಳದು ಉರಿಯಿಲ್ಲದ ವಿದ್ಯುತ್ತಿನ ಒಲೆ. ಮೇಲಿನಿಂದ ಕಾವು ಬೀಳುವ 'ಗ್ರಿಲ್' ಅದರಲ್ಲಿದೆ, ಅದನ್ನೇ ಹೇಳಿದೆ. ಅಮೆರಿಕದವಳಾಗಿದ್ದರೆ ಅದಕ್ಕೇ 'ಬ್ರಾಯಿಲ್' ಎನ್ನಬೇಕಾಗಿತ್ತು. 'ಬೇಕ್' ಮತ್ತು 'ರೋಸ್ಟ್' ನಡುವಣ ವ್ಯವಹಾರವಂತೂ ವಿಚಿತ್ರ. ಆಲೂಗಡ್ಡೆಯನ್ನು ಸಿಪ್ಪೆಸಹಿತ ಇಡಿಯಾಗಿ ಒಲೆಯೊಳಗಿಟ್ಟರೆ 'ಬೇಕ್'. ಹೆರೆದು ಹೆಚ್ಚಿ ಎಣ್ಣೆಯೋ ಕೊಬ್ಬೋ ಸವರಿ ಅದೇ ಒಲೆಯಲ್ಲಿಟ್ಟರೆ 'ರೋಸ್ಟ್'.

ಈ ಶಬ್ದಗಳಲ್ಲಿ ಹೆಚ್ಚಿನವು ಹುಟ್ಟಾ ಇಂಗ್ಲಿಷಿನವೂ ಅಲ್ಲ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಭಾಷೆ ಅಲ್ಲಿ ದೊಡ್ಡಮನೆಗಳ ಭಾಷೆಯಾಯಿತು. 'ಬಾಯಿಲ್', 'ಫ್ರೈ', 'ರೋಸ್ಟ್', 'ಸ್ಟ್ಯೂ' ಎಲ್ಲವೂ ಆ ಕಡೆಯಿಂದ ಬಂದವು. ರೊಟ್ಟಿ ಸುಡುವ 'ಬೇಕ್' ಹಳೆಯ ನೆಲದ ಶಬ್ದವಾಗಿಯೇ ಉಳಿಯಿತು. ಕುದಿಸುವುದಕ್ಕೆ ಇದ್ದ ದೇಶ್ಯಪದ 'ಸೀದ್' ಒಲೆಯಿಂದಿಳಿದು ಈಗ ಸಿಟ್ಟಿನಿಂದ ಕುದಿಯುವವರ ಪಾಲಿಗೆ ಮೀಸಲಾಗಿದೆ. ಅದರ ಭೂತಕೃದಂತವಾದ 'ಸಾಡನ್', ಒಂದು ಕಾಲಕ್ಕೆ ಬೆಂದದ್ದು ಎಂಬರ್ಥದ್ದು, ಈಗ ಮಳೆಯಲ್ಲಿ ತೊಯ್ದು ತೊಪ್ಪೆಯಾದ ಬಟ್ಟೆಗೆ ಸಲ್ಲುತ್ತದೆ.

ಸಾರಿಗೆ ಬಂದಾಗ ಕಷ್ಟ ಕಡಿಮೆಯಾಯಿತು. ಕೊತಕೊತನೆ ಕುದಿಸುವುದು 'ಬಾಯಿಲ್', ಸಣ್ಣಗೆ ಕುದಿಸುವುದು 'ಸಿಮ್ಮರ್'. ಗ್ಯಾಸಿನ ಒಲೆಯ ತಿರುಪು ಹಿಡಿದು "ಸಿಮ್‌ನಲ್ಲಿಡು" ಎನ್ನುವ ನಮ್ಮ ಗೃಹಿಣಿಯರಿಗೆ ಈ ಶಬ್ದ ಅರ್ಧ ಪರಿಚಿತವೇ. ಒಗ್ಗರಣೆಗೆ 'ಟೆಂಪರ್' ಎಂಬುದು ಭಾರತದ ಇಂಗ್ಲಿಷಿನ ಬಳಕೆ. ಅಲ್ಲಿನವರಿಗೆ ಅದು ಉಕ್ಕನ್ನೋ ಚಾಕೊಲೇಟನ್ನೋ ಹದಗೊಳಿಸುವ ಶಬ್ದ. ಆದುದರಿಂದ ಎಣ್ಣೆ ಕಾಯಿಸು, ಸಾಸಿವೆ ಸಿಡಿಯಲಿ, ಸಾರಿನ ಮೇಲೆ ಸುರಿ ಎಂದು ಬಿಡಿಸಿಯೇ ಬರೆದೆ.

ದೋಸೆಯಲ್ಲಿ ಸೋತೆ. ದೋಸೆ ಹುಯ್ಯುತ್ತೇವೆ, ರೊಟ್ಟಿ ತಟ್ಟುತ್ತೇವೆ, ಚಕ್ಕುಲಿ ಒತ್ತುತ್ತೇವೆ, ಮುದ್ದೆ ಕಟ್ಟುತ್ತೇವೆ. ಇಲ್ಲೆಲ್ಲ ನಮ್ಮ ಭಾಷೆಯ ಕಣ್ಣು ಬೆಂಕಿಯ ಮೇಲಿಲ್ಲ, ಮಾಡುವವಳ ಕೈಯ ಮೇಲಿದೆ. ಇಂಗ್ಲಿಷಿನಲ್ಲಿ ನಾಲ್ಕಕ್ಕೂ 'ಮೇಕ್' ಎಂದು ಬರೆದು ಸುಮ್ಮನಾದೆ.

ಈ ಸಲ ಕಳುಹಿಸುವ ಮುನ್ನ ಬರೆದುದನ್ನು ಕನ್ನಡಕ್ಕೆ ತಿರುಗಿಸಿ ತಾಯಿಗೆ ಓದಿ ಹೇಳಿದೆ. ಇಂಗ್ಲಿಷ್ ಬಾರದ ಆಕೆ ನನ್ನ ಇಂಗ್ಲಿಷನ್ನು ಮೂರು ಕಡೆ ತಿದ್ದಿದಳು. ರವೆಯನ್ನು ಐದು ನಿಮಿಷ ಹುರಿಯಬೇಕು ಎಂದು ಓದಿದಾಗ ತಡೆದು, "ಐದು ನಿಮಿಷ ಅಂತ ನಾನೆಲ್ಲಿ ಹೇಳಿದೆ? ಅವಳ ಒಲೆ ನಾನು ಕಂಡಿದ್ದೀನಾ? ಘಮ್ ಅನ್ನೋವರೆಗೆ ಹುರೀಬೇಕು ಅಂತ ಬರಿ" ಎಂದಳು. ಗಡಿಯಾರವನ್ನು ಹೊಡೆದುಹಾಕಿ, ಪರಿಮಳ ಬರುವವರೆಗೆ ಎಂದು ತಿದ್ದಿದೆ. ಮನಸ್ಸು ಒಪ್ಪದೆ 'ಘಮ್' ಎಂಬುದನ್ನೂ ಇಂಗ್ಲಿಷ್ ಲಿಪಿಯಲ್ಲಿ ಪಕ್ಕದಲ್ಲಿ ಬರೆದೆ.

ಭಾನುವಾರ ಅವಳ ಕಾಗದ ಬಂತು. ಉಪ್ಪಿಟ್ಟು ಉದುರುದುರಾಗಿ ಬಂದಿದೆಯಂತೆ, ರವೆ ಆರನೆಯ ನಿಮಿಷದಲ್ಲಿ 'ಘಮ್' ಅಂದಿತಂತೆ. ಇಡ್ಲಿಯ ತಟ್ಟೆಯನ್ನು ಈ ಬೇಸಿಗೆಯಲ್ಲಿ ಬರುವ ಯಾರ ಕೈಯಲ್ಲಾದರೂ ಕಳುಹಿಸಬೇಕಂತೆ.