ಮಧುಮೇಹಿಯ ಮೂತ್ರಪಿಂಡ

ರೋಗವನ್ನು ಅರಿಯುವ ಸಾಧನಗಳು ಐದೆಂದು ನಮ್ಮ ಆಯುರ್ವೇದಜ್ಞರು ಹೇಳಿರುವರು. ಅವುಗಳಲ್ಲಿ ‘ಪೂರ್ವರೂಪ’ವೆಂಬುದೊಂದು, ವ್ಯಾಧಿಯು ಪ್ರಕಟವಾಗುವುದಕ್ಕೆ ಮುಂಚೆ ತೋರುವ ಕುರುಹೆಂದು ಅದರ ಅರ್ಥ. ಮಧುಮೇಹದಿಂದ ಮೂತ್ರಪಿಂಡಗಳು ಕೆಡುವ ವಿಷಯದಲ್ಲಿ ಈ ಪೂರ್ವರೂಪವು ರೋಗಿಯ ಅನುಭವಕ್ಕೆ ಬರುವುದೇ ಇಲ್ಲ. ನೋವಿಲ್ಲ, ಜ್ವರವಿಲ್ಲ. ಕಾಲು ಬಾತು, ಮುಖ ಊದಿ, ಅನ್ನ ಸೇರದಂತಾಗುವ ಹೊತ್ತಿಗೆ ವ್ಯಾಧಿಯು ಬಹುದೂರ ಸಾಗಿರುವುದು. ಆದುದರಿಂದ ಕಣ್ಣಿಗೆ ಕಾಣದ ಆ ಕುರುಹನ್ನು ಪರೀಕ್ಷೆಯಿಂದಲೇ ಹುಡುಕತಕ್ಕದ್ದು.

ಮೂತ್ರಪಿಂಡವು ಒಂದು ಸೂಕ್ಷ್ಮವಾದ ಜರಡಿಯಂತಿರುವುದು. ರಕ್ತದ ಕಲ್ಮಷವನ್ನು ಹೊರಕ್ಕೆ ಬಿಟ್ಟು, ಆಲ್ಬುಮಿನ್ ಎಂಬ ಪ್ರೋಟೀನನ್ನು ಒಳಗೇ ಉಳಿಸಿಕೊಳ್ಳುವುದು ಅದರ ಧರ್ಮ. ಸಕ್ಕರೆಯು ಮಿತಿಮೀರಿದ ರಕ್ತವು ಬಹುಕಾಲ ಹರಿದರೆ ಜರಡಿಯು ಕೆಟ್ಟು ಆಲ್ಬುಮಿನ್ ಸೋರತೊಡಗುವುದು. ಈ ಸೋರಿಕೆಗೂ ಮೂತ್ರಪಿಂಡದ ವ್ಯಾಧಿಗೂ ಇರುವ ಸಂಬಂಧವನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯನಾದ ರಿಚರ್ಡ್ ಬ್ರೈಟನು 1827ರಲ್ಲಿ ನಿರೂಪಿಸಿದನು. ಮೂತ್ರವನ್ನು ಚಮಚದಲ್ಲಿ ಕಾಯಿಸಿ, ಅದು ಹೆಪ್ಪುಗಟ್ಟುವುದೋ ಎಂದು ನೋಡುವುದು ಆಗಿನ ಕ್ರಮ. ಆ ಕ್ರಮಕ್ಕೆ ಸಿಕ್ಕದಷ್ಟು ಅಲ್ಪಾಂಶವನ್ನೂ ಅಳೆಯುವ ವಿಧಾನವನ್ನು ಹ್ಯಾರಿ ಕೀನ್ ಮತ್ತು ಅವರ ಸಹೋದ್ಯೋಗಿಯು 1963ರಲ್ಲಿ ಪ್ರಕಟಿಸಿದರು.

ಈಗ ಪ್ರಯೋಗಶಾಲೆಯವರು ಮೂತ್ರದಲ್ಲಿರುವ ಆಲ್ಬುಮಿನನ್ನು ಕ್ರಿಯಾಟಿನಿನ್ ಎಂಬ ಕಲ್ಮಷದೊಡನೆ ತೂಗಿ ನೋಡುವರು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಮಿಗಿಂತ ಕಡಮೆಯಿದ್ದರೆ ಸಹಜ. 30ರಿಂದ 300ರವರೆಗೆ ಇದ್ದರೆ ಸೋರಿಕೆ ಮೊದಲಾಗಿದೆ. ಅದಕ್ಕೂ ಮೀರಿದರೆ ಬಲವಾಗಿದೆ. ಜ್ವರ, ಮೂತ್ರದ ಸೋಂಕು, ಅತಿಯಾದ ವ್ಯಾಯಾಮ ಇವುಗಳಿಂದಲೂ ಅಂಕಿಯು ತಾತ್ಕಾಲಿಕವಾಗಿ ಏರುವುದುಂಟು. ಆದಕಾರಣ ಒಂದೇ ಪರೀಕ್ಷೆಯಿಂದ ಎದೆಗುಂದಬೇಕಾಗಿಲ್ಲ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡರಲ್ಲಾದರೂ ಹೆಚ್ಚಿದ್ದರೆ ಮಾತ್ರ ನಿಶ್ಚಯಿಸುವರು.

ಕೆಲವು ಮಧುಮೇಹಿಗಳಲ್ಲಿ ಆಲ್ಬುಮಿನ್ ಸೋರದೆಯೇ ಮೂತ್ರಪಿಂಡದ ಶಕ್ತಿ ಕುಂದುವುದು. ಅಂಥವರನ್ನು ರಕ್ತದಲ್ಲಿನ ಕ್ರಿಯಾಟಿನಿನ್ ಪರೀಕ್ಷೆಯು ತೋರಿಸಿಕೊಡುವುದು. ಆದರೆ ಬಹುಮಟ್ಟಿನ ಶಕ್ತಿ ನಷ್ಟವಾಗುವವರೆಗೂ ಈ ಅಂಕಿಯು ಸ್ಪಷ್ಟವಾಗಿ ಏರದು. ಎರಡನ್ನೂ ಮಾಡಿಸಬೇಕೆಂಬುದಕ್ಕೆ ಇದೇ ಕಾರಣ. ಕಿಮ್-1, ನ್ಗಾಲ್ ಮೊದಲಾದ ಹೊಸ ಸೂಚಕಗಳನ್ನು ವಿಜ್ಞಾನಿಗಳು ಶೋಧಿಸುತ್ತಿರುವರಾದರೂ, ಗೃಹಸ್ಥನಿಗೆ ಸದ್ಯಕ್ಕೆ ಬೇಕಾದುವು ಈ ಎರಡೇ.

ನಡುವಯಸ್ಸಿನಲ್ಲಿ ಬರುವ ಸಾಮಾನ್ಯ ಮಧುಮೇಹವಾದರೆ ರೋಗವು ಗೊತ್ತಾದ ವರ್ಷದಿಂದಲೇ, ಎಳೆವಯಸ್ಸಿನಲ್ಲಿ ತೊಡಗಿ ಇನ್ಸುಲಿನ್ನನ್ನೇ ಅವಲಂಬಿಸಿದುದಾದರೆ ಐದು ವರ್ಷಗಳ ನಂತರ, ವರ್ಷಕ್ಕೊಮ್ಮೆ ಪರೀಕ್ಷಿಸತಕ್ಕದ್ದು. ಮೊದಲಲ್ಲೇ ಕಂಡುಕೊಂಡರೆ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಯಲ್ಲಿಟ್ಟು, ವೈದ್ಯರು ಕೊಡುವ ಔಷಧಗಳಿಂದ ಕ್ಷಯದ ವೇಗವನ್ನು ಬಹುವಾಗಿ ತಗ್ಗಿಸಬಹುದು. ಕೆಲವರಲ್ಲಿ ಸೋರಿಕೆಯೇ ಇಳಿಯುವುದು. ತಡವಾದರೆ ಉಳಿಯುವ ಮಾರ್ಗಗಳು ಯಂತ್ರದಿಂದ ರಕ್ತಶುದ್ಧಿ, ಇಲ್ಲವೆ ಮತ್ತೊಬ್ಬರ ಮೂತ್ರಪಿಂಡ. ಅವೆರಡರ ವ್ಯಯವೂ ಆಯಾಸವೂ ಇಡೀ ಸಂಸಾರದ ಮೇಲೆ ಬೀಳುವುದು. ಮನೆಯಲ್ಲಿ ಮಧುಮೇಹಿಗಳಿದ್ದರೆ, ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಈ ಎರಡು ಪರೀಕ್ಷೆಗಳು ಆಗಿವೆಯೇ ಎಂದು ತಪ್ಪದೆ ಕೇಳಿರಿ.